ಗುಳಿಗೆಯಷ್ಟೇ ಮುಖ್ಯ ಸರದಿ ಚೀಟಿ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಎಂದೊಡನೆ ಹಳೇ ಮೈಸೂರು ಸೀಮೆಯ ಜನರಿಗೆ ನೆನಪಾಗುವುದು ಅಲ್ಲಿನ ಆಂಜನೇಯ. ಸೀತಾದೇವಿಯ ಮೂಗುತಿಯ ಮುತ್ತು ಕಾವೇರಿಯ ಮಡುವಿಗೆ ಜಾರಿ ಬಿದ್ದಾಗ ಹನುಮ ಬಾಲದಿಂದ ನೀರು ಕಲಕಿ ಅದನ್ನು ಮೇಲೆತ್ತಿಕೊಟ್ಟನಂತೆ. ಮುತ್ತು ಎತ್ತಿದ ಜಾಗವೇ ಮುತ್ತತ್ತಿಯಾಯಿತು ಎಂಬುದು ಸ್ಥಳಪುರಾಣ. ವರನಟ ರಾಜಕುಮಾರ್ ಅವರಿಗೆ ಹೆತ್ತವರು ಇಟ್ಟ ಮುತ್ತುರಾಜ ಎಂಬ ಹೆಸರೂ ಈ ಮುತ್ತೆತ್ತರಾಯನದೇ. ಎದುರಿಗೆ ತುಂಬು ಹೊಳೆ, ಸುತ್ತ ಕಾವೇರಿ ವನ್ಯಜೀವಿ ಧಾಮದ ಕಾಡು. ಹರಕೆ ತೀರಿಸಲು ಬರುವವರಿಗೂ ವಿಹಾರಕ್ಕೆ ಬರುವವರಿಗೂ ಇದು ಮನಸ್ಸಿಗೆ ಹಿತವಾದ ಜಾಗ.

ಅದೇ ಮುತ್ತತ್ತಿಯನ್ನು ಕಾಯಿಲೆ ಬಿದ್ದವರ ಕಣ್ಣಿನಿಂದ ನೋಡಿದರೆ ಭೂಗೋಳ ಬೇರೆಯಾಗಿ ಕಾಣುತ್ತದೆ. ಹಲಗೂರು ಮುಟ್ಟಲು ಸುಮಾರು ಇಪ್ಪತ್ತು ಕಿಲೋಮೀಟರು ಕಾಡುದಾರಿ. ಅಲ್ಲಿಂದ ಮುಂದೆ ಮಳವಳ್ಳಿಯ ತಾಲ್ಲೂಕು ಆಸ್ಪತ್ರೆ. ಅದರಿಂದಲೂ ಆಚೆ, ಜಿಲ್ಲಾ ಕೇಂದ್ರದಲ್ಲಿ, 2006ರ ಸುಮಾರಿಗೆ ಆರಂಭವಾದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಹೊತ್ತು ಮುಳುಗಿದ ಮೇಲೆ ಆನೆ ಅಡ್ಡಬರುವ ದಾರಿಯಾದ್ದರಿಂದ ಬೆಳಕಿರುವಾಗಲೇ ಮನೆ ಸೇರಬೇಕು. ಇಂಥ ಕಾಡಂಚಿನ ಊರಿನವರಿಗೆ ಡಾಕ್ಟರರ ಹತ್ತಿರ ಹೋಗುವುದೆಂದರೆ ಒಂದು ದಿನದ ಕೂಲಿ, ಜೊತೆಗೆ ಬಂದವರ ಇನ್ನೊಂದು ಕೂಲಿ, ಇಬ್ಬರ ಬಸ್ ಚಾರ್ಜು, ಹೋಟೆಲಿನ ತಿಂಡಿ, ಮನೆಯಲ್ಲಿ ಕಟ್ಟಿಹಾಕಿ ಬಂದ ದನಕರುಗಳ ಚಿಂತೆ. ಡಾಕ್ಟರರ ಫೀಜು ಈ ಲೆಕ್ಕದಲ್ಲಿ ಒಂದು ಬಾಬ್ತು ಮಾತ್ರ.

ಫೀಜಿನ ಭಾರವನ್ನು ಇಳಿಸಿದವರು ಮಂಡ್ಯ ಜಿಲ್ಲೆಯಲ್ಲೇ ಇದ್ದಾರೆ. ಚರ್ಮರೋಗ ತಜ್ಞ ಡಾ. ಎಸ್.ಸಿ. ಶಂಕರೇಗೌಡರು ದಶಕಗಳ ಕಾಲ ಐದು ರೂಪಾಯಿ ಮಾತ್ರ ಪಡೆದು ‘ಐದು ರೂಪಾಯಿ ಡಾಕ್ಟರು’ ಎಂದೇ ನಾಡಿನಾದ್ಯಂತ ಹೆಸರಾದರು. ಆದರೆ ಫೀಜು ಐದೇ ರೂಪಾಯಿ ಇರಲಿ, ಪೂರ್ತಿ ಉಚಿತವೇ ಆಗಿರಲಿ, ದೂರದಿಂದ ಬಂದವರ ಉಳಿದ ಖರ್ಚು ಹಾಗೆಯೇ ಉಳಿಯುತ್ತದೆ. ಆ ಖರ್ಚು ಹೆಚ್ಚುವುದೂ ತಗ್ಗುವುದೂ ಚಿಕಿತ್ಸಾಲಯದ ದಿನಚರಿ ಹೇಗೆ ನಡೆಯುತ್ತದೆ ಎಂಬುದನ್ನು ಅವಲಂಬಿಸಿದೆ. ಮಧ್ಯಾಹ್ನದವರೆಗೆ ಕಾದು, ‘ರಕ್ತ ಪರೀಕ್ಷೆಯವರು ಹೋಗಿಬಿಟ್ಟರು, ನಾಳೆ ಬನ್ನಿ’ ಎಂಬ ಮಾತು ಕೇಳಿ ಹಿಂದಿರುಗಿದವರಲ್ಲಿ ಎಷ್ಟೋ ಮಂದಿ ಆ ನಾಳೆಗೆ ಬರುವುದೇ ಇಲ್ಲ. ರೋಗ ಬಲಿತ ಮೇಲೆ ಬರುತ್ತಾರೆ.

ಆದ್ದರಿಂದ ಸರದಿ, ಚೀಟಿ, ದಾಖಲೆ ಪುಸ್ತಕ, ಔಷಧದ ಬೀರು ಇವುಗಳ ವಿಚಾರವನ್ನು ಗುಮಾಸ್ತರ ಕೆಲಸವೆಂದು ತಳ್ಳಿಹಾಕುವಂತಿಲ್ಲ.

ಚಿಕಿತ್ಸೆಗೆ ನಾಲ್ಕು ಪಾದಗಳು

ಚಿಕಿತ್ಸೆಯೆಂದರೆ ವೈದ್ಯರೊಬ್ಬರ ವಿದ್ಯೆ ಎಂದು ತಿಳಿಯುವುದು ಸಾಮಾನ್ಯ. ನಮ್ಮ ಹಳೆಯ ವೈದ್ಯಶಾಸ್ತ್ರ ಹಾಗೆ ತಿಳಿದಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಉಪಚಾರಕ ಮತ್ತು ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು, ಒಟ್ಟು 16. ವೈದ್ಯನಿಗೆ ಶಾಸ್ತ್ರಜ್ಞಾನ, ಅನುಭವ, ದಕ್ಷತೆ, ಶುಚಿತ್ವ ಇರಬೇಕು. ಔಷಧವು ಬೇಕಾದಷ್ಟು ಇರಬೇಕು, ರೋಗಕ್ಕೆ ತಕ್ಕುದಾಗಿರಬೇಕು, ಬೇರೆ ಬೇರೆ ರೂಪಗಳಲ್ಲಿ ಕೊಡುವಂತಿರಬೇಕು, ಸಾರ ಕೆಡದಿರಬೇಕು. ಉಪಚಾರಕನಿಗೆ ಆರೈಕೆ ತಿಳಿದಿರಬೇಕು. ಚುರುಕು, ಶುಚಿ, ರೋಗಿಯ ಮೇಲೆ ಅಕ್ಕರೆ ಇರಬೇಕು. ರೋಗಿಗೆ ನೆನಪು, ಹೇಳಿದಂತೆ ನಡೆಯುವ ಗುಣ, ಧೈರ್ಯ, ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ ಇರಬೇಕು.

ನಾಲ್ವರಲ್ಲಿ ವೈದ್ಯನೇ ಪ್ರಧಾನ ಎಂದು ಚರಕ ಹೇಳಿದರೂ ಉಳಿದ ಮೂರು ಪಾದಗಳನ್ನು ಬಿಡಲಿಲ್ಲ. ಈ ಪಟ್ಟಿಯನ್ನು ಇಂದಿನ ಮಾತಿಗೆ ಇಳಿಸಿ ನೋಡಿದರೆ ಅಚ್ಚರಿಯಾಗುತ್ತದೆ. ಔಷಧ ಬೇಕಾದಷ್ಟು ಇರಬೇಕೆಂಬುದು ದಾಸ್ತಾನಿನ ಲೆಕ್ಕ. ಸಾರ ಕೆಡದಿರಬೇಕೆಂಬುದು ಶೀತಲ ಪೆಟ್ಟಿಗೆ ಮತ್ತು ಅವಧಿ ಮುಗಿಯುವ ದಿನಾಂಕದ ಮಾತು. ಉಪಚಾರಕ ಎಂದರೆ ಕಾಂಪೌಂಡರು, ನರ್ಸು, ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವರು. ರೋಗಿಯ ನೆನಪು ಎಂಬುದು ಇಂದು ಚೀಟಿಯಲ್ಲಿ, ಪುಸ್ತಕದಲ್ಲಿ, ಕಂಪ್ಯೂಟರಿನಲ್ಲಿ ಉಳಿಯಬೇಕಾದ ದಾಖಲೆ. ವೈದ್ಯರ ವಿದ್ಯೆ ಎಷ್ಟೇ ಬೆಳೆದಿದ್ದರೂ ಅದು ರೋಗಿಯನ್ನು ತಲಪುವುದು ಈ ಮೂರು ಪಾದಗಳ ಮೇಲೆ ನಡೆದುಕೊಂಡೇ.

ಅರವತ್ತು ಜನ, ನಾಲ್ಕು ಗಂಟೆ

ಹಳೇ ಮೈಸೂರಿನ ಊರುಗಳಲ್ಲಿ ಖಾಸಗಿ ವೈದ್ಯರ ಚಿಕಿತ್ಸಾಲಯಕ್ಕೆ ‘ಡಾಕ್ಟರ ಷಾಪು’ ಎನ್ನುತ್ತಾರೆ. ಷಾಪಿನ ಮುಂದೆ ಚಪ್ಪಲಿಗಳ ರಾಶಿ ಕಂಡರೆ ಡಾಕ್ಟರ ಕೈಗುಣ ಚೆನ್ನಾಗಿದೆ ಎಂದು ಜನ ನಂಬುತ್ತಾರೆ. ಖಾಲಿ ಬೆಂಚು ಕಂಡರೆ ಅನುಮಾನಪಡುತ್ತಾರೆ. ನೂಕುನುಗ್ಗಲೇ ಕೀರ್ತಿಯ ಗುರುತಾದ ಮೇಲೆ ಅದನ್ನು ತಗ್ಗಿಸುವ ಯೋಚನೆ ಯಾರಿಗೂ ಹೊಳೆಯುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಬಹುದು. ಒಬ್ಬ ವೈದ್ಯರು ಬೆಳಗಿನ ಹೊತ್ತು 60 ರೋಗಿಗಳನ್ನು ನೋಡುತ್ತಾರೆ, ಒಬ್ಬೊಬ್ಬರಿಗೆ 4 ನಿಮಿಷ ಎಂದಿಟ್ಟುಕೊಳ್ಳೋಣ. ಒಟ್ಟು 4 ಗಂಟೆಯ ಕೆಲಸ. ಅರವತ್ತು ಜನವೂ 9 ಗಂಟೆಗೇ ಬಂದು ಕೂತರೆ ಮೊದಲನೆಯವರು ಕಾಯುವುದೇ ಇಲ್ಲ, ಕೊನೆಯವರು 4 ಗಂಟೆಗೆ ನಾಲ್ಕು ನಿಮಿಷ ಕಡಿಮೆ ಕಾಯುತ್ತಾರೆ. ಸರಾಸರಿ ಕಾಯುವಿಕೆ 118 ನಿಮಿಷ, ಎಂದರೆ ಹತ್ತಿರಹತ್ತಿರ 2 ಗಂಟೆ. ಎಲ್ಲರದನ್ನೂ ಕೂಡಿಸಿದರೆ 118 ಗಂಟೆ. ದಿನಕ್ಕೆ 8 ಗಂಟೆಯಂತೆ ಸುಮಾರು 15 ಕೂಲಿದಿನ. ಒಂದು ಬೆಳಗಿನಲ್ಲಿ ಒಂದು ಷಾಪಿನ ಬೆಂಚಿನ ಮೇಲೆ ಇಷ್ಟು ದುಡಿಮೆ ಕರಗಿಹೋಗುತ್ತದೆ. ವೈದ್ಯರು ಅರ್ಧ ಗಂಟೆ ತಡವಾಗಿ ಬಂದರೆ ಇದಕ್ಕೆ ಇನ್ನೂ 30 ಗಂಟೆ ಸೇರುತ್ತದೆ.

ಅದೇ ಅರವತ್ತು ಜನರನ್ನು ಹದಿನೈದರಂತೆ ನಾಲ್ಕು ಗುಂಪು ಮಾಡಿ, 9, 10, 11 ಮತ್ತು 12 ಗಂಟೆಗೆ ಬರಹೇಳಿದರೆ ಸರಾಸರಿ ಕಾಯುವಿಕೆ 28 ನಿಮಿಷಕ್ಕೆ ಇಳಿಯುತ್ತದೆ. ವೈದ್ಯರು ನೋಡುವ ರೋಗಿಗಳ ಸಂಖ್ಯೆ ಅಷ್ಟೇ, ಸಂಪಾದನೆ ಅಷ್ಟೇ, ಮನೆಗೆ ಹೋಗುವ ಹೊತ್ತೂ ಅಷ್ಟೇ.

ಈ ವಿಷಯವನ್ನು ಗಣಿತಜ್ಞರು ಗಂಭೀರವಾಗಿಯೇ ಅಭ್ಯಾಸ ಮಾಡಿದ್ದಾರೆ. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಕೆಲವು ವರ್ಷಗಳಲ್ಲೇ, 1952ರಲ್ಲಿ, ನಾರ್ಮನ್ ಬೇಲಿ ಎಂಬ ಸಂಖ್ಯಾಶಾಸ್ತ್ರಜ್ಞರು ಹೊರರೋಗಿ ವಿಭಾಗಗಳ ಸರದಿಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಎಲ್ಲ ರೋಗಿಗಳಿಗೂ ಒಂದೇ ಸಮಯ ಹಿಡಿಯುವುದಿಲ್ಲ. ಒಬ್ಬರಿಗೆ ಎರಡು ನಿಮಿಷ, ಇನ್ನೊಬ್ಬರಿಗೆ ಹತ್ತು. ಆರಂಭಕ್ಕೆ ಇಬ್ಬರನ್ನು ಬರಹೇಳಿ, ಆಮೇಲೆ ಒಬ್ಬರನ್ನು ನೋಡಲು ಹಿಡಿಯುವ ಸರಾಸರಿ ಅವಧಿಗೊಬ್ಬರಂತೆ ಕರೆದರೆ ವೈದ್ಯರೂ ಬಿಡುವಾಗಿ ಕೂರುವುದಿಲ್ಲ, ರೋಗಿಗಳೂ ಬಹಳ ಕಾಯುವುದಿಲ್ಲ ಎಂಬುದು ಅವರ ಸಲಹೆಯ ಸಾರ. ಇಂದಿಗೂ ಅದನ್ನು ‘ಬೇಲಿ ನಿಯಮ’ ಎಂದು ಕರೆಯುವುದುಂಟು.

ಹಳ್ಳಿಗಾಡಿನಲ್ಲಿ ಗಡಿಯಾರದ ಪ್ರಕಾರ ಬರುವುದು ಕಷ್ಟ ಎಂಬ ಆಕ್ಷೇಪ ಸರಿಯೇ. ಅಲ್ಲಿ ಗಡಿಯಾರದ ಬದಲು ಬಸ್ಸು ಇದೆ. ಯಾವ ದಿಕ್ಕಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಮರಳುತ್ತದೆ ಎಂಬುದು ಊರಿನ ಎಲ್ಲರಿಗೂ ಗೊತ್ತು. ಕಾಡಂಚಿನ ಊರುಗಳವರಿಗೆ ಬೆಳಗಿನ ಮೊದಲ ಪಾಲು, ಪೇಟೆಯವರಿಗೆ ಅನಂತರದ ಪಾಲು ಎಂದು ಗೊತ್ತುಮಾಡಿ ಎರಡು ಬಣ್ಣದ ಬಿಲ್ಲೆ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಪೇಟೆಯಲ್ಲೇ ಮನೆಯಿರುವವರು ಒಂದು ಗಂಟೆ ತಡವಾಗಿ ಬಂದರೆ ಅವರಿಗೇನೂ ನಷ್ಟವಿಲ್ಲ. ಹೊಳೆದಂಡೆಯ ಊರಿನವರಿಗೆ ಒಂದು ಗಂಟೆ ತಡವಾದರೆ ಬಸ್ಸು ತಪ್ಪುತ್ತದೆ.

ಬಾಗಿಲಲ್ಲಿ ಕುಳಿತವರ ಕಣ್ಣು

ಮೊದಲು ಬಂದವರಿಗೆ ಮೊದಲ ಸರದಿ ಎಂಬುದು ಸಿನಿಮಾ ಟಿಕೆಟ್ಟಿಗೆ ನ್ಯಾಯ. ಆಸ್ಪತ್ರೆಯಲ್ಲಿ ಅದು ಕೆಲವೊಮ್ಮೆ ಪ್ರಾಣಕ್ಕೆ ಎರವಾಗುತ್ತದೆ. ಮೂವತ್ತನೆಯವರಾಗಿ ಬಂದ ಮಗುವಿಗೆ ಉಸಿರಾಡುವಾಗ ಪಕ್ಕೆ ಒಳಸೆಳೆಯುತ್ತಿರಬಹುದು. ಐವತ್ತನೆಯವರಾಗಿ ಬಂದವರಿಗೆ ಎದೆನೋವು ಎಡತೋಳಿಗೆ ಇಳಿಯುತ್ತಿರಬಹುದು. ತುಂಬು ಬಸುರಿಗೆ ರಕ್ತಸ್ರಾವವಾಗುತ್ತಿರಬಹುದು. ಇವರು ಬಾಯಿಬಿಟ್ಟು ‘ನಮ್ಮನ್ನು ಮೊದಲು ಬಿಡಿ’ ಎಂದು ಜಗಳವಾಡುವವರಲ್ಲ. ನಿಜವಾಗಿ ಕಷ್ಟದಲ್ಲಿರುವವರಿಗೆ ಜಗಳವಾಡಲು ತ್ರಾಣವೂ ಇರುವುದಿಲ್ಲ.

ಆದ್ದರಿಂದ ಹೆಸರು ಬರೆದುಕೊಳ್ಳುವ ಜಾಗದಲ್ಲಿ ಯಾರು ಕುಳಿತಿದ್ದಾರೆ ಎಂಬುದು ದೊಡ್ಡ ಮಾತು. ಹಿಂದಿನ ಕಾಲದ ಕಾಂಪೌಂಡರುಗಳಿಗೆ ಈ ಕಣ್ಣಿತ್ತು. ಮನೆಯಿಂದ ತಂದ ಬಾಟಲಿಗೆ ಕೆಂಪು ಮಿಕ್ಸ್ಚರು ಹುಯ್ದು, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಹೊರಗೆ ಅಂಟಿಸಿ, ‘ಒಂದು ಗೀಟು ಬೆಳಿಗ್ಗೆ, ಒಂದು ಗೀಟು ರಾತ್ರಿ’ ಎಂದು ತಿಳಿಯಹೇಳುತ್ತಿದ್ದವರು ಅವರು. ಓದು ಬಾರದವರಿಗೂ ಆ ಪಟ್ಟಿ ಅರ್ಥವಾಗುತ್ತಿತ್ತು. ಮಾತ್ರೆಗಳ ಕಾಲದಲ್ಲಿ ಕಾಂಪೌಂಡರು ಮರೆಯಾದರೂ ಅವರು ಮಾಡುತ್ತಿದ್ದ ವಿವರಣೆಯ ಕೆಲಸ ಹಾಗೆಯೇ ಉಳಿದಿದೆ. ಬೆಳಗಿನ ಗುಳಿಗೆಗೆ ಸೂರ್ಯನ ಚಿತ್ರ, ರಾತ್ರಿಯ ಗುಳಿಗೆಗೆ ಚಂದ್ರನ ಚಿತ್ರ ಬರೆದ ಕಾಗದದ ಪೊಟ್ಟಣ, ‘ಈಗ ಹೇಗೆ ನುಂಗುತ್ತೀರಿ ಹೇಳಿ ನೋಡೋಣ, ಅಜ್ಜಿ’ ಎಂದು ಕೇಳಿ ತಿಳಿದುಕೊಳ್ಳುವ ತಾಳ್ಮೆ: ಇವೆರಡೂ ಇದ್ದರೆ ವೈದ್ಯರು ಬರೆದ ಔಷಧ ಸರಿಯಾಗಿ ಹೊಟ್ಟೆಗೆ ಸೇರುತ್ತದೆ.

ತುಮಕೂರಿನ ಕೆಮ್ಮಿನ ಬಾಟಲಿ

ದಿನಚರಿಯ ಲೋಪ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆ ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ಸೇರಿಹೋಗಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಕ್ಷಯರೋಗಿಗಳನ್ನು ಪತ್ತೆಹಚ್ಚಬೇಕಾದರೆ ಊರೂರಿಗೆ ಎಕ್ಸ್‌ರೇ ಯಂತ್ರ ಒಯ್ಯಬೇಕು, ಹಳ್ಳಿಯವರಿಗೆ ರೋಗದ ಅರಿವಿಲ್ಲ, ತಾವಾಗಿ ಅವರು ಬರುವುದಿಲ್ಲ ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಸಂಸ್ಥೆಯ ಸಮಾಜವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಕಂಡು ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿದ್ದು ಬೇರೆಯೇ.

ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಒಂದಲ್ಲ ಒಂದು ಚಿಕಿತ್ಸಾ ಕೇಂದ್ರದ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ. ಕಫ ಪರೀಕ್ಷೆ ಮಾಡಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ರೋಗಿ ತಾನಾಗಿ ವೈದ್ಯರ ಎದುರು ಬಂದು ಕುಳಿತು, ರೋಗವನ್ನು ಜೊತೆಗೇ ಕರೆದುಕೊಂಡು ಮನೆಗೆ ಮರಳಿದ್ದ.

1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ಈ ಶೋಧನೆಯೇ ಒಂದು ಮುಖ್ಯ ಆಧಾರವಾಯಿತು. ಸಾಮಾನ್ಯ ಆಸ್ಪತ್ರೆಗಳಿಗೆ ಕೆಮ್ಮಿಗೆಂದು ಬರುವವರ ಕಫವನ್ನು ಅಲ್ಲೇ ಪರೀಕ್ಷಿಸಬೇಕು ಎಂಬುದು ಅದರ ತಿರುಳು. ವೈದ್ಯರ ಜ್ಞಾನದಲ್ಲಿ ಹೊಸದೇನೂ ಸೇರಬೇಕಾಗಿರಲಿಲ್ಲ. ಕ್ಷಯದ ಲಕ್ಷಣಗಳು ಎಲ್ಲ ವೈದ್ಯರಿಗೂ ಗೊತ್ತಿದ್ದವು. ಬೇಕಾಗಿದ್ದದ್ದು ಹೆಸರು ಬರೆದುಕೊಳ್ಳುವಾಗಲೇ ‘ಕೆಮ್ಮು ಎಷ್ಟು ದಿನದಿಂದ?’ ಎಂದು ತಪ್ಪದೆ ಕೇಳುವ ಅಭ್ಯಾಸ. ಎರಡು ವಾರ ಮೀರಿದ ಕೆಮ್ಮಾದರೆ ಕಫ ಪರೀಕ್ಷೆ ಎಂಬುದು ಈಗ ದೇಶದ ನಿಯಮ. ಆ ಪ್ರಶ್ನೆಯನ್ನು ಕೇಳಲು ವೈದ್ಯರೇ ಬೇಕಿಲ್ಲ. ನೂರು ಜನರ ಸರದಿಯಲ್ಲಿ ದಣಿದ ವೈದ್ಯರು ಮರೆಯಬಹುದಾದ ಪ್ರಶ್ನೆಯನ್ನು ಚೀಟಿಯ ಮೇಲೆ ಮೊದಲೇ ಅಚ್ಚುಹಾಕಿಸಿದ್ದರೆ ಅದು ಮರೆಯುವುದಿಲ್ಲ.

ಪ್ಲಾಸ್ಟಿಕ್ ಕವರಿನೊಳಗಿನ ಚರಿತ್ರೆ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗ, ಕ್ಷಯ ಇವು ಒಂದು ಭೇಟಿಗೆ ಮುಗಿಯುವ ಕಾಯಿಲೆಗಳಲ್ಲ. ಸಾಮಾನ್ಯ ಕ್ಷಯಕ್ಕೂ 6 ತಿಂಗಳ ಔಷಧ ಬೇಕು. ರಕ್ತದೊತ್ತಡದ ರೋಗಿಗೆ ಮೈಯಲ್ಲಿ ಏನೂ ಬಾಧೆ ಕಾಣದಿರುವುದರಿಂದ ಗುಳಿಗೆ ನಿಲ್ಲಿಸಿಬಿಡುವುದು ಸಹಜ. ಇಂಥವರ ಚಿಕಿತ್ಸೆಯಲ್ಲಿ ಈ ದಿನ ಬರೆದ ಔಷಧಕ್ಕಿಂತ ಮುಂದಿನ ತಿಂಗಳು ಅವರು ಬಂದರೇ ಎಂಬ ಪ್ರಶ್ನೆ ಹೆಚ್ಚಿನದು.

ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ 1907ರವರೆಗೆ ಒಬ್ಬೊಬ್ಬ ವೈದ್ಯರೂ ತಮ್ಮದೇ ದಪ್ಪ ಪುಸ್ತಕದಲ್ಲಿ ರೋಗಿಗಳ ವಿವರ ಬರೆಯುತ್ತಿದ್ದರು. ಒಬ್ಬ ರೋಗಿ ಮೂವರು ವೈದ್ಯರನ್ನು ಕಂಡಿದ್ದರೆ ಅವನ ಚರಿತ್ರೆ ಮೂರು ಪುಸ್ತಕಗಳಲ್ಲಿ ಚೂರುಚೂರಾಗಿ ಇರುತ್ತಿತ್ತು. ಆ ವರ್ಷ ಹೆನ್ರಿ ಪ್ಲಮರ್ ಎಂಬ ವೈದ್ಯರು ಪ್ರತಿ ರೋಗಿಗೂ ಒಂದೇ ಸಂಖ್ಯೆ ಕೊಟ್ಟು, ಅವನಿಗೆ ಸಂಬಂಧಿಸಿದ ಕಾಗದಗಳನ್ನೆಲ್ಲ ಒಂದೇ ಕಡತದಲ್ಲಿ ಸೇರಿಸುವ ಪದ್ಧತಿ ತಂದರು. ಇಂದಿನ ಆಸ್ಪತ್ರೆ ದಾಖಲೆಗಳ ಪೂರ್ವಜ ಅದೇ.

ನಮ್ಮಲ್ಲಿ ಈ ಕಡತವನ್ನು ರೋಗಿಯೇ ಹೊತ್ತು ತಿರುಗುತ್ತಾನೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿ ಮಡಿಚಿ ಸವೆದ ಚೀಟಿಗಳು, ಎಕ್ಸ್‌ರೇ, ಅಕ್ಷರ ಮಾಸಿದ ರಕ್ತ ಪರೀಕ್ಷೆಯ ವರದಿ. ಆ ಕವರು ಮಳೆಗೆ ನೆನೆದರೆ ಹತ್ತು ವರ್ಷದ ಚರಿತ್ರೆ ಹೋಯಿತು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ವಿಧಿಸಿತು. ಬಂದು ಹೋಗುವ ಹೊರರೋಗಿಗಳ ಮಾತು ಅದರಲ್ಲಿ ಇಷ್ಟು ಖಚಿತವಾಗಿಲ್ಲ. 2021ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ ಒಂದು ಆರೋಗ್ಯ ಸಂಖ್ಯೆ ಕೊಟ್ಟು ಪ್ಲಮರ್ ಅವರ ಯೋಚನೆಯನ್ನೇ ದೇಶಮಟ್ಟಕ್ಕೆ ಒಯ್ಯಲು ಹೊರಟಿದೆ.

ಕಂಪ್ಯೂಟರು ಬರುವವರೆಗೆ ಕಾಯಬೇಕಾದ್ದಿಲ್ಲ. ಮೂವತ್ತೊಂದು ಗೂಡುಗಳ ಒಂದು ಮರದ ಪೆಟ್ಟಿಗೆ ಸಾಕು. ದೀರ್ಘಕಾಲದ ರೋಗಿಯ ಕಾರ್ಡನ್ನು ಅವರು ಮತ್ತೆ ಬರಬೇಕಾದ ತಾರೀಖಿನ ಗೂಡಿನಲ್ಲಿ ಇಡುವುದು. ಬಂದಾಗ ತೆಗೆದು ಮುಂದಿನ ತಾರೀಖಿನ ಗೂಡಿಗೆ ಹಾಕುವುದು. ಸಂಜೆ ಆ ದಿನದ ಗೂಡಿನಲ್ಲಿ ಉಳಿದ ಕಾರ್ಡುಗಳು ಯಾರವೋ ಅವರು ಬರಲಿಲ್ಲ ಎಂದರ್ಥ. ಅವರ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ ತಪ್ಪಿಹೋಗುತ್ತಿದ್ದ ಒಂದು ಜೀವ ಮತ್ತೆ ಕೈಗೆ ಸಿಗುತ್ತದೆ.

ಬೀರುವಿನ ಲೆಕ್ಕ

ಕಾಡು, ಗದ್ದೆ, ಕಬ್ಬಿನ ತೋಟಗಳ ಈ ಸೀಮೆಯಲ್ಲಿ ಹಾವಿನ ಕಡಿತ ಅಪರೂಪವಲ್ಲ. ನಮ್ಮಲ್ಲಿ ತಯಾರಾಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಕೆಲಸ ಮಾಡುತ್ತದೆ. ವಿಷವೇರಿದ ಒಬ್ಬರ ಚಿಕಿತ್ಸೆ ಆರಂಭಿಸಲು 8ರಿಂದ 10 ಸೀಸೆ ಬೇಕು. ದಾಸ್ತಾನು ಪುಸ್ತಕದಲ್ಲಿ ‘ಪ್ರತಿವಿಷ ಇದೆ: 3’ ಎಂದು ಬರೆದಿದ್ದರೆ ಲೆಕ್ಕ ತಪಾಸಣೆಗೆ ಅದು ಸರಿ, ಕಚ್ಚಿಸಿಕೊಂಡು ಬಂದವರಿಗೆ ಅದು ಇಲ್ಲದ್ದಕ್ಕೆ ಸಮ. ಎಷ್ಟಿದೆ ಎಂಬುದರ ಜೊತೆಗೆ ಎಷ್ಟಕ್ಕಿಂತ ಕಡಿಮೆಯಾಗಬಾರದು ಎಂಬ ಅಂಕಿಯನ್ನೂ ಬರೆದಿಟ್ಟರೆ ಮಾತ್ರ ಆ ಪುಸ್ತಕ ಉಪಯೋಗಕ್ಕೆ ಬರುತ್ತದೆ.

ಇನ್ನೂ ಸಣ್ಣ ವಸ್ತು ಒಂದು ಗಾಜಿನ ನಳಿಕೆ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಸ್ವಲ್ಪ ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಅಲುಗಿಸದೆ 20 ನಿಮಿಷ ಇಟ್ಟು ಬಾಗಿಸಿ ನೋಡಿದರೆ ಹೆಪ್ಪಾಗಿದೆಯೇ ಇಲ್ಲವೇ ತಿಳಿಯುತ್ತದೆ. ಖರ್ಚಿಲ್ಲದ ಪರೀಕ್ಷೆ. ಆದರೆ ನಳಿಕೆಯನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ, ಇಲ್ಲವೇ ಅದು ಪ್ಲಾಸ್ಟಿಕ್‌ನದಾಗಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ನಡುರಾತ್ರಿ ಹಾವು ಕಚ್ಚಿ ಬಂದಾಗ ಹೊಸ ಗಾಜಿನ ನಳಿಕೆ ಯಾವ ಖಾನೆಯಲ್ಲಿದೆ ಎಂದು ಪಾಳಿಯ ನರ್ಸಿಗೆ ಗೊತ್ತಿರುವುದೂ ಚಿಕಿತ್ಸೆಯ ಭಾಗವೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಲ್ಲಿ ಎಷ್ಟು ಕಡಿತಗಳಾಗುತ್ತವೆ ಎಂದು ತಿಳಿದರೆ ಪ್ರತಿವಿಷವನ್ನು ಎಲ್ಲಿ ಎಷ್ಟು ಇಡಬೇಕೆಂಬುದೂ ತಿಳಿಯುತ್ತದೆ.

ನಾಯಿ ಕಡಿತದ ಲಸಿಕೆಯಲ್ಲಿ ದಿನಚರಿಯೂ ಉಳಿತಾಯವೂ ಒಟ್ಟಿಗೆ ಸೇರಿವೆ. ಸ್ನಾಯುವಿಗೆ ಚುಚ್ಚುವ ಕ್ರಮದಲ್ಲಿ ಪ್ರತಿ ಸಲವೂ ಒಬ್ಬರಿಗೆ ಒಂದು ಪೂರ್ತಿ ಸೀಸೆ. 2006ರಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆದ, ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನ ಎರಡು ಕಡೆ 0.1 ಮಿಲಿಲೀಟರಿನಂತೆ ಕೊಟ್ಟರೆ ಸಾಕು; ಒಂದೇ ಸೀಸೆ ಹಲವರಿಗೆ ಬರುತ್ತದೆ. ಆದರೆ ಒಮ್ಮೆ ಬೆರೆಸಿದ ಲಸಿಕೆಯನ್ನು ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಯಾರು ಯಾವ ದಿನ ಬರಬೇಕು ಎಂಬ ಪುಸ್ತಕ ಸರಿಯಾಗಿದ್ದ ಕಡೆ ಈ ಕ್ರಮ ಲಾಭ ತರುತ್ತದೆ. ಇಲ್ಲದ ಕಡೆ ಉಳಿದ ಲಸಿಕೆ ಕಸದ ಬುಟ್ಟಿಗೆ ಹೋಗುತ್ತದೆ. ಇನ್ನು ಶೀತಲ ಪೆಟ್ಟಿಗೆಯ ಉಷ್ಣತೆ 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ದಿನಕ್ಕೆ ಎರಡು ಬಾರಿ ನೋಡಿ ಬರೆಯುವುದು ಬೇಸರದ ಕೆಲಸ. ಆ ಬೇಸರ ಪಡದಿದ್ದರೆ ಕೆಟ್ಟ ಲಸಿಕೆಯೂ ನೋಡಲು ಒಳ್ಳೆಯ ಲಸಿಕೆಯಂತೆಯೇ ಕಾಣುತ್ತದೆ.

ಗುಂಬಳ್ಳಿಯ ಪ್ರಯೋಗ

ಇವೆಲ್ಲ ಪುಸ್ತಕದ ಬದನೆಕಾಯಿ, ನಮ್ಮ ಹಳ್ಳಿಗಳಲ್ಲಿ ನಡೆಯುವುದಿಲ್ಲ ಎಂದು ಹೇಳುವವರಿಗೆ ಉತ್ತರ ದೂರವಿಲ್ಲ. ಮಳವಳ್ಳಿಯಿಂದ ಹೊಳೆ ದಾಟಿ ಕೊಳ್ಳೇಗಾಲದ ಮೇಲೆ ಹೋದರೆ ಯಳಂದೂರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಲು ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರು, ಯಳಂದೂರು ತಾಲ್ಲೂಕಿನಲ್ಲಿ ಹೆಚ್ಚಾಗಿದ್ದ ಕುಷ್ಠರೋಗದ ವಿರುದ್ಧ ಕೆಲಸ ಮಾಡಲು 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದರು. 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ಈ ಸಂಸ್ಥೆಗೆ ಒಪ್ಪಿಸಿತು. ಕಟ್ಟಡ ಸರ್ಕಾರದ್ದು, ಕಾರ್ಯಕ್ರಮಗಳು ಸರ್ಕಾರದವು, ಬಡವರಿಗೆ ಚಿಕಿತ್ಸೆ ಉಚಿತ. ಬದಲಾಗಿದ್ದು ದಿನಚರಿ: ಸಿಬ್ಬಂದಿ ಊರಿನಲ್ಲೇ ವಾಸ, ರಾತ್ರಿಯೂ ತೆರೆದ ಬಾಗಿಲು, ಅಗತ್ಯ ಔಷಧಗಳು ತೀರದಂತೆ ಎಚ್ಚರ. ಈ ಮಾದರಿ ಮುಂದೆ ಕರ್ನಾಟಕದ ಇತರ ಕೇಂದ್ರಗಳಿಗೂ ದೂರದ ಅರುಣಾಚಲ ಪ್ರದೇಶಕ್ಕೂ ಹೋಯಿತು.

ಅದೇ ಯಳಂದೂರಿನಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಮೂರ್ಛೆರೋಗಿಗಳಿಗೆ ಫೀನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಗುಳಿಗೆಗಳನ್ನೇ ವರ್ಷಗಟ್ಟಲೆ ತಪ್ಪದೆ ಕೊಟ್ಟು ನೋಡಿದರು. ಬಹಳ ಮಂದಿಯ ಮೂರ್ಛೆ ಹತೋಟಿಗೆ ಬಂದಿತು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹೊಸ ಔಷಧವೇನೂ ಇರಲಿಲ್ಲ. ಗುಳಿಗೆ ತೀರುವ ಮುನ್ನ ಮುಂದಿನ ಗುಳಿಗೆ ಕೈಸೇರುತ್ತಿತ್ತು, ರೋಗಿಯ ಮೇಲೆ ನಿಗಾ ತಪ್ಪುತ್ತಿರಲಿಲ್ಲ.

ಯಾರಿಗಾಗಿ ಪುಸ್ತಕ?

ಇಷ್ಟಾದರೂ ವೈದ್ಯರ ಮತ್ತು ನರ್ಸುಗಳ ದೂರು ಒಂದಿದೆ, ಅದು ನ್ಯಾಯವಾದದ್ದೇ. ಸಮತಟ್ಟು ಪ್ರದೇಶದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಸುಮಾರು 30 ಸಾವಿರ ಜನರನ್ನು ನೋಡಿಕೊಳ್ಳಬೇಕು. ಅದರ ಜೊತೆಗೆ ತುಂಬಬೇಕಾದ ನಮೂನೆಗಳು, ಮೇಲಿನ ಕಚೇರಿಗೆ ಕಳಿಸಬೇಕಾದ ವರದಿಗಳು, ಅದನ್ನೇ ಮತ್ತೆ ಕಂಪ್ಯೂಟರಿಗೆ ಏರಿಸುವ ಕೆಲಸ. ಬರೆಯುವುದರಲ್ಲೇ ಹೊತ್ತು ಹೋದರೆ ರೋಗಿಯ ಮುಖ ನೋಡುವುದು ಯಾವಾಗ? ಖಾಸಗಿ ಚಿಕಿತ್ಸಾಲಯಗಳಿಗೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನೋಂದಣಿಯನ್ನೂ ದರಗಳ ಪ್ರಕಟಣೆಯನ್ನೂ ಕಡ್ಡಾಯ ಮಾಡಿದೆ. ಒಬ್ಬರೇ ನಡೆಸುವ ಸಣ್ಣ ಷಾಪಿಗೆ ಇದೂ ಒಂದು ಹೊರೆ ಎನಿಸುವುದುಂಟು.

ಇಲ್ಲಿ ಎರಡು ಬಗೆಯ ಬರವಣಿಗೆಯನ್ನು ಬೇರೆ ಮಾಡಿ ನೋಡಬೇಕು. ಕೆಲವು ಪುಸ್ತಕಗಳು ಮೇಲಧಿಕಾರಿಗಳಿಗಾಗಿ. ಅವು ತಿಂಗಳ ಕೊನೆಗೆ ತುಂಬುತ್ತವೆ, ಒಮ್ಮೆ ರುಜುವಾಗುತ್ತವೆ, ಆಮೇಲೆ ಬೀರುವಿನ ಮೇಲೆ ಧೂಳು ಹಿಡಿಯುತ್ತವೆ. ಇನ್ನು ಕೆಲವು ರೋಗಿಗಾಗಿ. ನಾಳೆ ಯಾರು ಬರಬೇಕು, ಯಾರ ವರದಿ ಇನ್ನೂ ಬಂದಿಲ್ಲ, ಯಾವ ಔಷಧ ಈ ವಾರ ತೀರುತ್ತದೆ ಎಂದು ಹೇಳುವಂಥವು. ಮೊದಲನೆಯದನ್ನು ಕಡಿಮೆ ಮಾಡುವುದು ಸರ್ಕಾರದ ಕೈಯಲ್ಲಿದೆ. ಎರಡನೆಯದನ್ನು ಇಟ್ಟುಕೊಳ್ಳುವುದಕ್ಕೆ ಯಾರ ಆದೇಶವೂ ಬೇಕಿಲ್ಲ. ಸಂಜೆ ಬಾಗಿಲು ಹಾಕುವ ಮುನ್ನ ವೈದ್ಯರು, ನರ್ಸು, ಹೆಸರು ಬರೆಯುವವರು ಮೂವರೂ ಹತ್ತು ನಿಮಿಷ ಕುಳಿತು ಈ ದಿನ ಯಾರು ಬರಲಿಲ್ಲ, ಯಾರನ್ನು ಹೆಚ್ಚು ಕಾಯಿಸಿದೆವು, ನಾಳೆಗೆ ಏನು ಇಲ್ಲ ಎಂದು ಕೇಳಿಕೊಂಡರೆ ಮುಕ್ಕಾಲು ಪಾಲು ಸುಧಾರಣೆ ಅಲ್ಲೇ ಆಗುತ್ತದೆ.

ದೊಡ್ಡ ಆಸ್ಪತ್ರೆಗಳು, ಹೊಸ ಯಂತ್ರಗಳು, ತಜ್ಞರು ಇವೆಲ್ಲ ಬೇಕು. ಅವುಗಳಿಗೆ ಹಣ ಬೇಕು, ಕಾಲ ಬೇಕು. ಸರದಿಯ ಬಿಲ್ಲೆ, ತಾರೀಖಿನ ಗೂಡು, ಬೀರುವಿನ ಬಾಗಿಲಿಗೆ ಅಂಟಿಸಿದ ಕನಿಷ್ಠ ದಾಸ್ತಾನಿನ ಪಟ್ಟಿ ಇವಕ್ಕೆ ಬೇಕಾದ್ದು ಕೆಲವು ನೂರು ರೂಪಾಯಿ ಮತ್ತು ದಿನಾ ತಪ್ಪದ ಶಿಸ್ತು. ಅಷ್ಟು ಇದ್ದರೆ ಬೆಳಗಿನ ಬಸ್ಸಿಗೆ ಬಂದವರು ಮಧ್ಯಾಹ್ನದ ಬಸ್ಸಿಗೆ ಔಷಧದ ಪೊಟ್ಟಣ ಹಿಡಿದು ಮರಳಬಹುದು, ಮುಂದಿನ ತಿಂಗಳು ಮತ್ತೆ ಬರಬಹುದು.